ಬಿಳಿ ಕರ್ಚೀಫು

ಮೇಷ್ಟ್ರು ಜೇಬಿನಿಂದ ಬಿಳಿ ಕರ್ಚೀಫು ತೆಗೆದು, ತೋರುಬೆರಳಿಗೆ ಸುತ್ತಿಕೊಂಡು, ಬೈಕಿನಿಂದ ಬಿಚ್ಚಿಟ್ಟಿದ್ದ ಪೆಟ್ರೋಲ್ ಟ್ಯಾಂಕಿನ ಮೇಲೆ ಒತ್ತಿ ಒತ್ತಿ ನಾಲ್ಕು ಸಲ ಎಳೆದರು. ಆ ಬೆರಳನ್ನು ಪಾಲಿಶ್ ಅಂಗಡಿಯವಳ ಮೂಗಿನ ಮುಂದೆ ಹಿಡಿದರು. ಬಟ್ಟೆ ಕಪ್ಪಾಗಿತ್ತು.

"ಇನ್ನೂ ಕೊಳೆ ಇದೆ."

ಇದು ಮೂರನೇ ಸಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೋಮವಾರದಿಂದ ಈ ಟ್ಯಾಂಕಿನ ಜೊತೆ ಗುದ್ದಾಡಿ ಬೆನ್ನು ಬಿದ್ದುಹೋಗಿತ್ತು. ಮೊದಲು ಒರಟು ಎಮರಿ ಪೇಪರ್, ಆಮೇಲೆ ನಯದ್ದು, ಇನ್ನೂ ನಯದ್ದು, ಅದಾದ ಮೇಲೆ ತಿರುಗುವ ಬಟ್ಟೆಚಕ್ರ, ಕೊನೆಗೆ ಬರಿಗೈ. ಬಣ್ಣ ಕಾಣದ ಬರೀ ಅಲ್ಯೂಮಿನಿಯಂ ಈಗ ಕನ್ನಡಿಯಾಗಿತ್ತು. ಮೇಷ್ಟ್ರ ಮೂಗಿನ ಕೂದಲನ್ನು ಅದರಲ್ಲಿ ಎಣಿಸಬಹುದಿತ್ತು. ಆ ಪುಣ್ಯಾತ್ಮರು ಮಾತ್ರ ಟ್ಯಾಂಕು ನೋಡುವುದು ಬಿಟ್ಟು ಕರ್ಚೀಫು ನೋಡುತ್ತಿದ್ದರು.

"ಮೇಷ್ಟ್ರೇ, ಎಷ್ಟು ಸಲ ಬಾಯಿ ಬಡ್ಕೊಳ್ಳಲಿ? ಅದು ಕೊಳೆ ಅಲ್ಲ. ಅಲ್ಯೂಮಿನಿಯಂ ಗುಣಾನೇ ಅಷ್ಟು. ಉಜ್ಜಿದಷ್ಟೂ ಕರಿ ಬಿಡುತ್ತೆ."

"ಕೊಳೆ ಇಲ್ದೆ ಕಪ್ಪು ಎಲ್ಲಿಂದ ಬರುತ್ತಮ್ಮ? ಮೂವತ್ತು ವರ್ಷ ದಿನಾ ಬೆಳಗ್ಗೆ ಮಕ್ಕಳ ಉಗುರು ನೋಡಿದೋನು ನಾನು. ನನಗೆ ಪಾಠ ಹೇಳ್ತೀಯಾ? ನಾಳೆ ನನ್ನ ತಮ್ಮನ ಮಗಳು ಈ ಗಾಡಿ ಹತ್ತುತ್ತಾಳೆ. ಅವರಪ್ಪ ಹೋದ್ಮೇಲೆ ಇದೇ ಮೊದಲು. ಒಂದು ಚುಕ್ಕೆ ಇರಬಾರದು. ಇನ್ನೊಂದು ಸುತ್ತು ಹಿಡಿ."

ಟ್ಯಾಂಕು ಆ ತೀರಿಹೋದ ತಮ್ಮನದೇ ಕೈಕೆಲಸ. ಚಪ್ಪಟೆ ತಗಡನ್ನು ತಾನೇ ಬಡಿದು ಬಡಿದು, ಆರು ತಿಂಗಳು ಕೂತು ಈ ಆಕಾರಕ್ಕೆ ತಂದಿದ್ದ. ಮುಂದಿನ ತಿರುವಿನಲ್ಲಿ ಮಾತ್ರ ಏಟು ಹೆಚ್ಚು ಬಿದ್ದು ತಗಡು ತೆಳುವಾಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಡಬ್ಬಿಯ ಮುಚ್ಚಳದಂತೆ ಟೊಕ್ ಎಂದು ಒಳಗೆ ಹೋಗಿ ಬರುತ್ತಿತ್ತು. ಇನ್ನೊಂದು ಸುತ್ತು ಉಜ್ಜಿದರೆ ಅಲ್ಲಿ ತೂತು ಖಂಡಿತ. ಆ ಹುಡುಗಿ ನಾಳೆ ತಬ್ಬಿಕೊಳ್ಳುವುದು ತೂತು ಬಿದ್ದ ತಗಡನ್ನೇ? ಇದನ್ನು ಪಾಲಿಶ್ ಅಂಗಡಿಯವಳು ಮೇಷ್ಟ್ರಿಗೆ ನಿನ್ನೆಯೂ ಹೇಳಿದ್ದಳು. ಗೋಡೆಗೆ ಹೇಳಿದ ಹಾಗಾಗಿತ್ತು.

"ನಾನಂತೂ ಮುಟ್ಟಲ್ಲ," ಎಂದಳು.

"ನೀನು ಮುಟ್ಟದಿದ್ರೆ ನನಗೇನು ಕೈ ಇಲ್ವಾ?" ಮೇಷ್ಟ್ರು ಪಾಲಿಶ್ ಹತ್ತಿದ್ದ ಅವಳ ಚಿಂದಿಯನ್ನೇ ಎತ್ತಿಕೊಂಡು, ಬೇರೆಲ್ಲೂ ಜಾಗ ಇಲ್ಲದವರಂತೆ ಸರಿಯಾಗಿ ಆ ತಿರುವಿನಲ್ಲೇ ಎರಡೂ ಕೈಯಿಂದ ತಿಕ್ಕತೊಡಗಿದರು.

"ಕೈ ತೆಗೀರಿ!" ಅವಳು ಟ್ಯಾಂಕನ್ನು ಕಿತ್ತು ಎದೆಗವಚಿಕೊಂಡಳು. "ಅದು ಕೊಳೆ ಅಲ್ಲ ಅಂದ್ರೆ ಅಲ್ಲ! ನಿಮ್ಮ ತಮ್ಮ ಬಡಿದ ತಗಡೇ ಪುಡಿಪುಡಿಯಾಗಿ ನಿಮ್ಮ ಕರ್ಚೀಫಿಗೆ ಬರ್ತಿರೋದು. ಇಲ್ಲಿ ನೋಡಿ, ನನ್ನ ಕೈ ನೋಡಿ. ಇಪ್ಪತ್ತು ವರ್ಷದಿಂದ ಸೋಪು ಹಾಕಿ ತಿಕ್ತಾ ಇದೀನಿ. ಹೋಗಿದ್ಯಾ? ನಾನೇನು ಕೊಳಕಿನಾ?"

ಮೇಷ್ಟ್ರು ನೋಡಿದರು. ಉಗುರಿನ ಸಂದಿಯಲ್ಲಿ, ಅಂಗೈಯ ಒಂದೊಂದು ಗೆರೆಯಲ್ಲಿ ಕಪ್ಪು ಕೂತಿತ್ತು. ಅವರು ನೋಡುತ್ತಲೇ ನಿಂತರು.

"ಅವನದೂ ಹೀಗೇ ಇರ್ತಿತ್ತು," ಎಂದರು ಮೇಷ್ಟ್ರು. "ಊಟಕ್ಕೆ ಕೂತೋನನ್ನ ಎಬ್ಬಿಸಿ ಕಳಿಸ್ತಿದ್ದೆ, ಕೈ ತೊಳ್ಕೊಂಡು ಬಾ ಅಂತ. 'ತೊಳ್ದಿದೀನಿ ಅಣ್ಣಾ' ಅನ್ನೋನು. ಸುಳ್ಳು ಬೇರೆ ಹೇಳ್ತಾನಲ್ಲ ಅಂತ ಮತ್ತೆ ಕಳಿಸ್ತಿದ್ದೆ. ಕೆಲವು ದಿನ ತಿರುಗಿ ಬರ್ತಾನೇ ಇರಲಿಲ್ಲ."

ಅವಳು ಟ್ಯಾಂಕನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಎರಡು ಗಂಟು ಹಾಕಿ ಅವರ ಮುಂದಿಟ್ಟಳು. ಚಿಂದಿ ಹಿಡಿದು ತಿಕ್ಕಿದ್ದಕ್ಕೆ ಅವರ ಹತ್ತೂ ಬೆರಳು ಕರ್ರಗಾಗಿದ್ದವು. ಮೂಲೆಯಲ್ಲಿದ್ದ ನೀರಿನ ಬಕೆಟ್ಟನ್ನು ಕಾಲಿಂದ ಅವರತ್ತ ತಳ್ಳಿ, ಸೋಪು ಚಾಚಿದಳು.

ಮೇಷ್ಟ್ರು ಸೋಪು ತೆಗೆದುಕೊಳ್ಳಲಿಲ್ಲ.

"ಇರ್ಲಿ ಬಿಡಮ್ಮ," ಎಂದರು. "ಊಟದ ಹೊತ್ತಾಯ್ತು. ಇವತ್ತು ಹೀಗೇ ಕೂರ್ತೀನಿ."