ತಣ್ಣೀರಿನ ನಲ್ಲಿ

ಬಾಯ್ಲರಿಗೆ ನೀರು ತಳ್ಳುವ ಪಂಪು ಹೊಟ್ಟೆಯಲ್ಲಿ ಜಲ್ಲಿಕಲ್ಲು ತುಂಬಿಕೊಂಡಂತೆ ಗರಗರ ಎನ್ನುತ್ತಿತ್ತು. ಕೆರಿಚೋ ಎಂಬ ಊರಿನ ಚಹಾ ಕಾರ್ಖಾನೆಯ ಮ್ಯಾನೇಜರ್ ಸಿಗೇಯಿ, ಹೋದ ತಿಂಗಳು ಪಂಪಿನೊಳಗಿಂದ ಬಿಚ್ಚಿ ತೆಗೆದ ಕಂಚಿನ ಚಕ್ರವನ್ನು ಬಾಯ್ಲರ್ ನೋಡಿಕೊಳ್ಳುವ ಅರಪ್ ಟೊನುಯಿಯ ಮೂಗಿನ ಹತ್ತಿರ ಹಿಡಿದ. ಹುಳುಕು ಹಲ್ಲಿನ ಹಾಗೆ ಅದರ ಮೈಯೆಲ್ಲ ತೂತು.

"ಪಂಪಿಗೆ ನೀರು ಬರೋ ತೊಟ್ಟಿ ತೊಳೆಯುವಾಗ ಒಳಗೆ ಕಲ್ಲು ಬಿಟ್ಟಿದ್ದೀಯ. ಹೊಸ ಚಕ್ರಾನೂ ಹೀಗೇ ಹೋದ್ರೆ ಅದರ ಹಿಂದೆ ನೀನೂ ಹೋಗ್ತೀಯ."

"ಕಲ್ಲು ತೋರಿಸಿ ಸಾರ್, ನಾನೇ ಅಗಿದು ತಿಂತೀನಿ," ಎಂದ ಟೊನುಯಿ.

ಹೊಸ ಇಂಜಿನಿಯರ್ ಚೆಲಂಗಟ್‌ಗೆ ನಾಲ್ಕು ಜನರೆದುರು ಬಾಯಿ ಬಿಡುವುದೆಂದರೆ ಚಳಿಜ್ವರ. ಆದರೂ ಒಂದು ಹೆಜ್ಜೆ ಮುಂದೆ ಬಂದಳು. "ಕಲ್ಲಲ್ಲ ಸಾರ್, ಬಿಸಿ. ಸೌದೆ ಉಳಿಸೋಕೆ ಅಂತ ಎಲೆ ಒಣಗಿಸೋ ಯಂತ್ರದ ಕುದಿನೀರನ್ನೆಲ್ಲ ತೊಟ್ಟಿಗೇ ತಿರುಗಿಸಿ, ತಣ್ಣೀರು ನಿಲ್ಲಿಸಿದ್ದೀವಿ. ಅಷ್ಟು ಬಿಸಿನೀರನ್ನ ಪಂಪು ಎಳೆದ್ರೆ ಸಾಕು, ಒಳಗೇ ಕುದಿದು ಗುಳ್ಳೆ ಏಳುತ್ತೆ. ಗುಳ್ಳೆ ಒಡೆಯೋ ಏಟಿಗೆ ಲೋಹ ಕಿತ್ತುಬರುತ್ತೆ."

"ಗುಳ್ಳೆ ಕಂಚು ತಿನ್ನುತ್ತೆ ಅನ್ನಿ. ನಮ್ಮವ್ವ ದಿನಾ ಹಾಲು ಕಾಯಿಸ್ತಿದ್ದಳು, ಇಂಜಿನಿಯರಮ್ಮಾ. ಪಾತ್ರೆ ಹಾಗೇ ಇದೆ," ಎಂದು ನಕ್ಕ ಟೊನುಯಿ.

ಚೆಲಂಗಟ್ ಹೋಗಿ ತೊಟ್ಟಿಯ ತಣ್ಣೀರಿನ ನಲ್ಲಿ ತಿರುಗಿಸಿದಳು. ತೊಟ್ಟಿಯ ಆವಿ ಇಳಿಯಿತು. ಗರಗರ ತಗ್ಗಿತು, ತೊದಲಿತು, ಆಮೇಲೆ ಇಲ್ಲವೇ ಇಲ್ಲ. ಟೊನುಯಿ ಅವಳ ಅಂಗೈ ಹಿಡಿದು, ತಮ್ಮ ಕಡೆಯ ಹಿರಿಯರು ಹರಸುವಂತೆ ಅದರ ಮೇಲೆ ತುಸು ಉಗುಳಿದ. "ನನ್ನ ಅನ್ನ ಉಳಿಸಿದೆ, ಮಗಳೇ."

ಸಿಗೇಯಿ ಬಹಳ ಹೊತ್ತು ಪಂಪಿಗೆ ಕಿವಿಗೊಟ್ಟು ನಿಂತಿದ್ದ. ನಂತರ ತಾನೇ ಹೋಗಿ ನಲ್ಲಿ ಮುಚ್ಚಿದ.

"ನೀ ಹೇಳಿದ್ದು ನಿಜ," ಎಂದ, ಮೆಲ್ಲಗೆ. "ಆದ್ರೆ ಸೌದೆ ಉಳಿಸಿದ್ದಕ್ಕೆ ಬೆಳೆಗಾರರ ಸಭೇಲಿ ಚಪ್ಪಾಳೆ ತಗೊಂಡಾಗಿದೆ. ಅದನ್ನ ವಾಪಸ್ ಕೊಡೋಕಾಗುತ್ತಾ? ತೊಟ್ಟೀಲಿ ಕಲ್ಲಿತ್ತು. ಇತ್ತು ತಾನೇ, ತಂಗೀ? ನಿನ್ನ ಕೆಲಸ ಖಾಯಂ ಮಾಡೋ ಮಾತೂ ಇದೆ."

ಪಂಪು ಮತ್ತೆ ಗರಗರ ಶುರುಮಾಡಿತ್ತು. ಚೆಲಂಗಟ್ ಟೊನುಯಿಯ ಕಡೆ ನೋಡಲಿಲ್ಲ.

"ಇದ್ದಿರಬಹುದು, ಸಾರ್."

ಮುಂದಿನ ವಾರ ಬಾಯ್ಲರ್ ಮನೆಗೆ ಟೊನುಯಿಯ ಜಾಗದಲ್ಲಿ ಹೊಸಬನೊಬ್ಬ ಬಂದ. ಮೊದಲ ದಿನವೇ ಅವನಿಗೆ ಕೈಗವಸಿನ ಜೊತೆ ಕಿವಿಗಿಟ್ಟುಕೊಳ್ಳಲು ಒಂದು ಹಿಡಿ ಹತ್ತಿ ಸಿಕ್ಕಿತು. ಕೊಟ್ಟವಳು ಚೆಲಂಗಟ್.