ಕಿವುಡು ಮೈಕು

ಆಡಿದ ಮಾತು ಮೂರು ದಿನ ಗೋಡೆಗಳಲ್ಲಿ ಗುನುಗುತ್ತಲೇ ಇರುವ ಧಾರವಾಡವೊಂದಿತ್ತು. ಅಲ್ಲಿಯ ಶಾಲ್ಮಲಾ, ಅಜ್ಜಿಯ ಗಂಟಲಿನ ಆಪರೇಷನ್ನಿಗೆ ಮೊದಲು ಆಕೆಯ ಕತೆಯೊಂದನ್ನು ಮನೆಯಲ್ಲೇ ರೆಕಾರ್ಡ್ ಮಾಡುವೆನೆಂದು ಮಾತು ಕೊಟ್ಟಿದ್ದಳು. ನಾಳೆಯೇ ಆಪರೇಷನ್, ಆಮೇಲೆ ದನಿ ಉಳಿಯುವ ಖಾತ್ರಿಯಿರಲಿಲ್ಲ.

“ಇದನ್ನ ಒಯ್ರಿ ಅಕ್ಕಾರ, ಇರುವಿ ನಡದ್ರೂ ಹಿಡೀತೈತಿ,” ಎಂದು, ಮೈಕು ಕೊಳ್ಳಲು ಬಂದ ಶಾಲ್ಮಲಾಗೆ ಅಂಗಡಿಯವನು ದುಬಾರಿಯದೊಂದನ್ನು ತೋರಿಸಿದ.

“ಬ್ಯಾಡ್ರಿ. ನಮ್ಮನಿ ಗೋಡ್ಯಾಗ ಅಪ್ಪ-ಅವ್ವನ ಮೊನ್ನಿನ ಜಗಳ ಇನ್ನೂ ನಡದದ. ಬಾಯಿ ಹತ್ರ ಹಿಡದ್ರಷ್ಟ ಕೇಳೋ ಕಿವುಡು ಮೈಕು ಕೊಡ್ರಿ.”

“ಗದ್ದಲ ತೆಗಿಯೋ ಸಾಫ್ಟ್‌ವೇರ್ ಐತಲ್ರಿ?”

“ಅದು ಅಜ್ಜಿ ಉಸಿರನ್ನೂ ತೆಗೀತದ.”

ಸಂಜೆ ಅಜ್ಜಿ ಮೈಕಿಗೆ ತುಟಿ ತಾಗಿಸಿ ನಕ್ಕಳು. “ಇದಕ್ಕ ಚಾಡಿ ಹೇಳಿಧಂಗ ಹೇಳಬೇಕೇನವಾ?”

ಗೋಡೆಗಳು ಜಗಳವಾಡುತ್ತಲೇ ಇದ್ದವು. ಕತೆ ಮುಗಿದ ಮೇಲೆ ಶಾಲ್ಮಲಾ ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೇಳಿದಳು. ರೆಕಾರ್ಡಿಂಗಿನೊಳಗೆ ಅಜ್ಜಿಯೊಬ್ಬಳೇ ಇದ್ದಳು. ಶಾಲ್ಮಲಾ ಸೇವ್ ಗುಂಡಿ ಒತ್ತಿದಳು.