ನೌಕೆಯ ಗುಂಡು ಬಾಗಿಲು

"ಮಾವ, ಸ್ವಲ್ಪ ಏಳಿ. ಕುರ್ಚಿ ಬೇಕಾಗಿದೆ."

ಮಾವ ಜಪ್ಪಯ್ಯ ಅಂದರೂ ಏಳಲಿಲ್ಲ. ಮೂರು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಪೇಪರ್ ಓದಿದವರು. "ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನ್ರೀ ಅಳಿಯಂದಿರೇ? ನಾಚಿಕೆ ಆಗಲ್ವಾ?" ಎಂದರು.

ನಾಚಿಕೆಯೇನೋ ಆಗುತ್ತಿತ್ತು. ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು. ಅದು ಆಕಾಶನೌಕೆಯ ಕ್ಯಾಪ್ಟನ್ ಕೂರುವ ಕುರ್ಚಿ, ಸ್ಟುಡಿಯೋದ ಸ್ವತ್ತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅದು ಗೋದಾಮಿನಲ್ಲಿ ಇರಲೇಬೇಕಿತ್ತು.

ಗೋದಾಮು ಕಾಯುವ ಈ ಅಳಿಯನನ್ನು ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದು ಕೀಲಿಯಣ್ಣ ಅಂತ. ಮೂರು ವರ್ಷದ ಹಿಂದೆ ಬಾಹ್ಯಾಕಾಶದ ಸಿನಿಮಾ ಮುಗಿದಾಗ ನೌಕೆಯ ಸೆಟ್ ಬಿಚ್ಚಿ ಅವನ ವಶಕ್ಕೆ ಕೊಟ್ಟಿದ್ದರು. ಅವನು ರಿಜಿಸ್ಟರಿನಲ್ಲಿ ರುಜು ಹಾಕಿದ್ದ. ಇದನ್ನು ಮತ್ತೆ ಯಾರಪ್ಪ ಕೇಳುತ್ತಾರೆ? ಇಲಿ ಕಡಿದು ಹಾಳಾಗುವ ಬದಲು ನಾಲ್ಕು ಜನಕ್ಕೆ ಉಪಯೋಗವಾಗಲಿ ಅಂದುಕೊಂಡ. ಕುರ್ಚಿ ಮಾವನಿಗೆ ಹೋಯಿತು. ನೌಕೆ ನಡೆಸುವ ಗುಂಡಿಗಳ ಫಲಕ ಅಕ್ಕನ ಅಡುಗೆಮನೆಯಲ್ಲಿ ಡಬ್ಬಿ ಜೋಡಿಸುವ ಹಲಗೆಯಾಯಿತು. ಯಾತ್ರಿಕರು ನೂರು ವರ್ಷ ನಿದ್ದೆ ಹೋಗುವ ಗಾಜಿನ ಪೆಟ್ಟಿಗೆಯಲ್ಲಿ ಪಕ್ಕದ ಮನೆ ಮೇಷ್ಟ್ರು ಟೊಮೆಟೊ ಸಸಿ ಬೆಳೆಸಿದರು.

ಈಗ ನಿರ್ದೇಶಕ ಎರಡನೇ ಭಾಗ ಮಾಡಿಯೇ ತೀರುತ್ತೇನೆಂದು ಪಟ್ಟು ಹಿಡಿದಿದ್ದ. ಸ್ಟುಡಿಯೋದ ಪಾಲುದಾರರು ಒಂದೇ ಷರತ್ತು ಹಾಕಿದ್ದರು: ಹಳೇ ಸೆಟ್ ಪೂರ್ತಿ ಇದ್ದರೆ ಒಪ್ಪಿಗೆ. ಒಂದು ತುಂಡು ಕಾಣೆಯಾಗಿದ್ದರೂ ಸಿನಿಮಾ ಇಲ್ಲ, ಜೊತೆಗೆ ವಿಚಾರಣೆ. ಗುರುವಾರ ಅವರೇ ಬಂದು ನೋಡುವವರಿದ್ದರು. ಕೀಲಿಯಣ್ಣನ ನಿವೃತ್ತಿಗೆ ಇನ್ನು ಏಳೇ ತಿಂಗಳಿತ್ತು.

ಇಡೀ ಸ್ಟುಡಿಯೋದಲ್ಲಿ ಎರಡನೇ ಭಾಗ ಬೇಡವೆಂದವರು ಇಬ್ಬರೇ. ಕೀಲಿಯಣ್ಣ ಮನಸ್ಸಿನಲ್ಲೇ ಬೇಡವೆಂದ. ಸ್ಟುಡಿಯೋ ಯಜಮಾನರು ಬಾಯಿಬಿಟ್ಟು ಹೇಳಿದರು. "ಮುಗಿದ ಕಥೆ ಮುಗೀತು. ಮುಚ್ಚಿದ ಬಾಗಿಲು ಮತ್ತೆ ಯಾಕ್ರೀ ತೆಗೀಬೇಕು? ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರೋನೇ ಕಲಾವಿದ," ಎಂದು ಆರು ತಿಂಗಳಿಂದ ಪ್ರತಿ ಮೀಟಿಂಗಿನಲ್ಲೂ ಮೇಜು ಗುದ್ದುತ್ತಿದ್ದರು. ಎಂಥ ಕಲಾಭಿಮಾನಿ, ಎಂದು ಕೀಲಿಯಣ್ಣ ದೂರದಿಂದಲೇ ಕೈಮುಗಿದಿದ್ದ.

ಹೊಸ ಆರಾಮಕುರ್ಚಿ ಕೊಡಿಸುವ ಮಾತು ತೆಗೆದುಕೊಂಡು ಮಾವ ಎದ್ದರು. ಅಕ್ಕ ಬೈದುಕೊಂಡೇ ಡಬ್ಬಿ ಇಳಿಸಿದಳು. ಮೇಷ್ಟ್ರು ಒಂದೊಂದೇ ಸಸಿ ಕಿತ್ತು ಕುಂಡಕ್ಕೆ ಹಾಕುವಾಗ ಮೂಗೊರೆಸಿಕೊಂಡರು. ಮಂಗಳವಾರ ಸಂಜೆಯ ಹೊತ್ತಿಗೆ ಎಲ್ಲ ಗೋದಾಮು ಸೇರಿತ್ತು. ರಿಜಿಸ್ಟರ್ ಹಿಡಿದು ಒಂದೊಂದಾಗಿ ಗುರುತು ಹಾಕುತ್ತಾ ಬಂದವನ ಪೆನ್ನು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

ಬಾಗಿಲು ಇರಲಿಲ್ಲ.

ಆಳೆತ್ತರದ ಗುಂಡು ಬಾಗಿಲು, ಸುತ್ತ ನೀಲಿ ದೀಪ. ಗುಂಡಿ ಒತ್ತಿದರೆ ಪಕ್ಕಕ್ಕೆ ಜಾರಬೇಕಿತ್ತು, ಜಾರುತ್ತಿರಲಿಲ್ಲ. ಶೂಟಿಂಗಿನ ಮೊದಲ ದಿನ ನಾಯಕ ಅರ್ಧ ದಿನ ಒಳಗೇ ಸಿಕ್ಕಿಬಿದ್ದಿದ್ದ. ಎಡಗಡೆ ಕೆಳಮೂಲೆಗೆ ಒಂದು ಒದೆ ಬಿದ್ದರೆ ಮಾತ್ರ ಅದು ತೆರೆಯುತ್ತದೆ ಎಂದು ಕಂಡುಹಿಡಿದವನು ಕೀಲಿಯಣ್ಣನೇ. ಆಮೇಲೆ ಪ್ರತಿ ಶಾಟಿಗೂ ಮರೆಯಲ್ಲಿ ನಿಂತು ಒದೆಯುತ್ತಿದ್ದವನೂ ಅವನೇ.

ಆ ಬಾಗಿಲನ್ನು ಅವನು ಆಣೆಗೂ ಯಾರಿಗೂ ಕೊಟ್ಟಿರಲಿಲ್ಲ. ಗೋದಾಮಿಗೆ ಕೀಲಿಕೈ ಎರಡೇ. ಒಂದು ಅವನ ಸೊಂಟದಲ್ಲಿ, ಇನ್ನೊಂದು ಆಫೀಸಿನಲ್ಲಿ. ಅಷ್ಟು ದೊಡ್ಡ ಬಾಗಿಲು ರೆಕ್ಕೆ ಬಂದು ಹಾರಿಹೋಯಿತೇ?

ಬಡಗಿ ಕೆಲಸದ ಭಾವಮೈದ ಹಳೇ ಸಿನಿಮಾದ ಪೋಸ್ಟರ್ ನೋಡಿಕೊಂಡು ಬುಧವಾರ ಒಂದೇ ದಿನದಲ್ಲಿ ಪ್ಲೈವುಡ್ಡಿನ ಬಾಗಿಲು ಕಟ್ಟಿದ. ಬಣ್ಣ ಬಳಿದು, ದೀಪ ಕೂರಿಸಿ, ಗುಂಡಿ ಒತ್ತಿದ.

"ಭಾವ, ಅಸಲಿಗಿಂತ ಚೆನ್ನಾಗಿ ಜಾರುತ್ತೆ ನೋಡಿ!"

"ಅದೇ ಕಣೋ ನನಗೆ ಭಯ," ಎಂದ ಕೀಲಿಯಣ್ಣ.

ಗುರುವಾರ ಹತ್ತಕ್ಕೆ ಸರಿಯಾಗಿ ಇಬ್ಬರು ಪಾಲುದಾರರು, ನಿರ್ದೇಶಕ, ಯಜಮಾನರು ಬಂದರು. ಯಜಮಾನರ ಕಣ್ಣು ಮೊದಲು ಹೋಗಿದ್ದೇ ಬಾಗಿಲಿನ ಕಡೆಗೆ. ನೋಡಿದ್ದೇ ತಡ, ಅವರ ಮುಖ ಬಿಳಿಚಿಕೊಂಡಿತು. ಹತ್ತಿರ ಹೋಗಿ ಮುಟ್ಟಿದರು. ಬೆರಳಿನಿಂದ ಬಡಿದರು. ತಿರುಗಿ ಕೀಲಿಯಣ್ಣನನ್ನೇ ದಿಟ್ಟಿಸಿದರು. ಮೂವತ್ತು ವರ್ಷದ ಸರ್ವೀಸು ಮಣ್ಣುಪಾಲಾಯಿತು ಅಂದುಕೊಂಡ ಅವನು.

"ಈ ಪೆಟ್ಟಿಗೇಲಿ ಟೊಮೆಟೊ ವಾಸನೆ ಯಾಕ್ ಬರ್ತಿದೆ?" ಎಂದರು ಒಬ್ಬ ಪಾಲುದಾರರು. ಕೀಲಿಯಣ್ಣ ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಮುಚ್ಚಿದ.

ನಿರ್ದೇಶಕ ಉತ್ಸಾಹದಿಂದ ಬಾಗಿಲಿನ ಗುಂಡಿ ಒತ್ತಿದ. ಅದು ಸದ್ದಿಲ್ಲದೆ ಸರ್ರನೆ ಸರಿಯಿತು.

"ಅರೆ! ಇದು ಒಂದು ದಿನವೂ ಸಲೀಸಾಗಿ ತೆರೆದಿದ್ದೇ ಇಲ್ವಲ್ಲ! ಅದೇ ಬಾಗಿಲೇನಾ ಇದು?"

"ಅದೇ," ಎಂದರು ಯಜಮಾನರು, ಬೇಕಾದ್ದಕ್ಕಿಂತ ಜೋರಾಗಿ. "ಎಣ್ಣೆ ಹಾಕ್ಸಿದ್ದೀವಿ. ಏನಪ್ಪಾ, ಹಾಕಿದ್ದೀಯಲ್ಲ?"

"ಹಾ... ಹಾಕಿದ್ದೀನಿ ಸಾರ್."

"ಕೇಳಿದ್ರಲ್ಲ? ಎಲ್ಲಾ ಅಸಲಿ. ಅಸಲಿ ಯಾವುದು ಅಂತ ನನಗಿಂತ ಚೆನ್ನಾಗಿ ಯಾರಿಗ್ರೀ ಗೊತ್ತು? ಕೊಡಿ ಇಲ್ಲಿ ಪೆನ್ನು."

ಆರು ತಿಂಗಳು ಒಲ್ಲೆ ಎಂದವರು ಅರ್ಧ ನಿಮಿಷದಲ್ಲಿ ಸಹಿ ಹಾಕಿದರು. ಎರಡನೇ ಭಾಗಕ್ಕೆ ಒಪ್ಪಿಗೆ ಸಿಕ್ಕೇಬಿಟ್ಟಿತು. ನಿರ್ದೇಶಕ ಎಲ್ಲರನ್ನೂ ತಬ್ಬಿಕೊಂಡು, ಪಾಲುದಾರರ ಹಿಂದೆಯೇ ಹೊರಗೆ ಓಡಿದ.

ಬದುಕಿದೆಯಾ ಬಡಜೀವವೇ ಎಂದು ಕೀಲಿಯಣ್ಣ ಉಸಿರುಬಿಟ್ಟ. ಕಣ್ಣು ತುಂಬಿ ಬಂತು. ಬಾಗಿಲು ನಕಲಿ ಎಂದು ಗೊತ್ತಾಗಿಯೂ ಒಬ್ಬ ಬಡಪಾಯಿಯ ಮಾನ ಉಳಿಸಿದ ದೇವರಂಥ ಮನುಷ್ಯ! ಹೋಗಿ ಯಜಮಾನರ ಎರಡೂ ಕೈ ಹಿಡಿದುಕೊಂಡ.

"ಸಾರ್, ಆ ಬಾಗಿಲು..."

"ಬಾಗಿಲಿನ ಮಾತು ಬಿಡು," ಎಂದರು ಯಜಮಾನರು, ಅವನ ಮುಖ ನೋಡದೆ. "ನೀನೂ ಬಿಡು, ನಾನೂ ಬಿಡ್ತೀನಿ."

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಒಂದು ಕೈ ಬಿಡಿಸಿಕೊಂಡು ಎತ್ತಿದರು. ಮನೆಯಿಂದ ಹೆಂಡತಿ. ಆಕೆಯ ಕೂಗು ಗೋದಾಮಿನ ಗೋಡೆಗೆಲ್ಲ ಕೇಳಿಸುವಂತಿತ್ತು. "ರೀ, ಮೊಮ್ಮಗಳು ಮತ್ತೆ ರೂಮಿನೊಳಗೆ ಸಿಕ್ಕಿಹಾಕ್ಕೊಂಡಿದ್ದಾಳೆ! ಗುಂಡಿ ಒತ್ತಿ ಒತ್ತಿ ಸಾಕಾಯ್ತು. ನೀಲಿ ದೀಪ ಉರೀತಿದೆ, ಬಾಗಿಲು ಮಾತ್ರ ಜಾರ್ತಾ ಇಲ್ಲ!"

ಕೀಲಿಯಣ್ಣ ಯಜಮಾನರ ಇನ್ನೊಂದು ಕೈಯನ್ನೂ ಮೆಲ್ಲಗೆ ಬಿಟ್ಟ.

"ಎಡಗಡೆ ಕೆಳಮೂಲೆಗೆ ಒಂದು ಒದೆ ಕೊಡೋಕೆ ಹೇಳಿ ಸಾರ್."